ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್: ಮಗಳನ್ನು ಸೇರಿಸಬಹುದಾ?

ತರೀಕೆರೆ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು, ಕನ್ನಡ ಮಾಧ್ಯಮ. ಸೈನ್ಸ್ ಬೇಡ ಅಂತ ಒಂಬತ್ತನೇ ಕ್ಲಾಸಿನಲ್ಲೇ ಹೇಳಿದ್ದಳು. ಲೆಕ್ಕದಲ್ಲಿ ಚುರುಕು, ಅಕ್ಷರ ದುಂಡಗೆ, ಮನೆಯ ಹಾಲಿನ ಡೈರಿ ಪುಸ್ತಕ ಅವಳೇ ಬರೆಯುವುದು. ಅವಳ ಮೇಡಂ ಒಬ್ಬರು, ಪಾಲಿಟೆಕ್ನಿಕ್‌ನಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಅಂತ ಮೂರು ವರ್ಷದ ಡಿಪ್ಲೊಮಾ ಇದೆ, ಆಫೀಸ್ ಕೆಲಸ, ಅಕೌಂಟ್ಸ್, ಮ್ಯಾನೇಜ್‌ಮೆಂಟ್ ಎಲ್ಲಾ ಹೇಳಿಕೊಡ್ತಾರೆ ಅಂದರು. ನಮ್ಮ ಕಡೆ ಪಾಲಿಟೆಕ್ನಿಕ್ ಅಂದರೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಅಷ್ಟೇ ಗೊತ್ತು. ನಮ್ಮೆಜಮಾನರು ಪಿಯುಸಿ ಕಾಮರ್ಸ್‌ಗೆ ಸೇರಿಸಿ ಆಮೇಲೆ ಬಿಬಿಎ ಮಾಡಿಸೋಣ ಅಂತಾರೆ. ಓದಿದವರು, ಓದಿಸಿದವರು ಇದ್ದರೆ ದಯವಿಟ್ಟು ಹೇಳಿ. ಡಿಪ್ಲೊಮಾ ಮಾಡಿದರೆ ಮುಂದೆ ಡಿಗ್ರಿ ಓದೋಕೆ ಆಗುತ್ತಾ? ಕೆಲಸ ಎಂಥದ್ದು ಸಿಗುತ್ತೆ?

ಶೀಘ್ರಲಿಪಿ_ಹಾಸನ

ಅಕ್ಕ, ನಾನು ಅದೇ ಕೋರ್ಸ್ ಓದಿದವಳು. ಈಗ ಜಿಲ್ಲಾ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ, ಅಂದರೆ ಸ್ಟೆನೋ. ಸ್ವಲ್ಪ ಉದ್ದ ಬರೆಯುತ್ತೇನೆ, ಈ ಕೋರ್ಸಿನ ಬಗ್ಗೆ ಹೇಳುವವರೇ ಕಡಿಮೆ.

ಇಲ್ಲಿ ಕಲಿಸುವುದು ಮುಖ್ಯವಾಗಿ ಬೆರಳಚ್ಚು, ಶೀಘ್ರಲಿಪಿ, ಲೆಕ್ಕಪತ್ರ, ಕಂಪ್ಯೂಟರ್, ವ್ಯವಹಾರದ ಪತ್ರಗಳು, ಕಚೇರಿ ನಿರ್ವಹಣೆ. ಜೊತೆಗೆ ವಾಣಿಜ್ಯ ಕಾನೂನು, ಬ್ಯಾಂಕಿಂಗ್, ಮಾರ್ಕೆಟಿಂಗ್‌ನ ಮೊದಲ ಪಾಠಗಳು. ಪಠ್ಯಕ್ರಮವನ್ನು ಕೆಲವು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಹಾಗಾಗಿ ಈಗ ನಡೆಯುತ್ತಿರುವ ಪಠ್ಯಕ್ರಮವನ್ನು ಕಾಲೇಜಿನಲ್ಲೇ ಕೇಳಿ ಪಡೆದು, ಶೀಘ್ರಲಿಪಿಗೆ ಎಷ್ಟು ಸೆಮಿಸ್ಟರ್, ವಾರಕ್ಕೆ ಎಷ್ಟು ತಾಸು ಅಂತ ಮೊದಲು ನೋಡಿ. ನನ್ನ ಬದುಕು ನಿಂತದ್ದು ಆ ಒಂದು ವಿಷಯದ ಮೇಲೆ.

ಶೀಘ್ರಲಿಪಿ ಹೇಗಿರುತ್ತೆ ಅಂತ ಮಗಳಿಗೆ ತೋರಿಸಿ. ಪಿಟ್‌ಮನ್ ಪದ್ಧತಿಯಲ್ಲಿ 'ಪ'ಕ್ಕೂ 'ಬ'ಕ್ಕೂ ಗೆರೆ ಒಂದೇ, ಓರೆಯಾಗಿ ಇಳಿಯುತ್ತೆ. ತೆಳ್ಳಗೆ ಎಳೆದರೆ 'ಪ', ಒತ್ತಿ ಎಳೆದರೆ 'ಬ'. 'ಟ', 'ಡ'ಗಳಿಗೆ ನೇರ ಇಳಿಯುವ ಗೆರೆ, ಅಲ್ಲೂ ತೆಳು-ದಪ್ಪದ್ದೇ ವ್ಯತ್ಯಾಸ. ಸ್ವರಗಳು ಗೆರೆಯ ಪಕ್ಕದ ಚುಕ್ಕಿ, ಕಿರುಗೆರೆಗಳು. ವೇಗ ಬಂದ ಮೇಲೆ ಆ ಚುಕ್ಕಿಗಳನ್ನು ಬಹುಪಾಲು ಬಿಟ್ಟು ಬರೆಯುತ್ತೇವೆ, ಸಂದರ್ಭದಿಂದ ಓದಿಕೊಳ್ಳುತ್ತೇವೆ. ಒಂದು ದಿನ ಕೈ ಬಿಟ್ಟರೂ ವೇಗ ಇಳಿಯುತ್ತೆ. ದಿನಾ ಒಂದು ತಾಸು, ಹಬ್ಬದ ದಿನವೂ ಕೂತು ಬರೆಯುವ ಮನಸ್ಸು ಇರುವವರಿಗೆ ಮಾತ್ರ ಇದು ಒಲಿಯುತ್ತೆ. ಅಕ್ಷರ ದುಂಡಗಿದೆ, ಪುಸ್ತಕ ತಪ್ಪದೆ ಬರೆಯುತ್ತಾಳೆ ಅಂದಿರಲ್ಲ, ಅದನ್ನು ಓದಿ ನನಗೆ ಧೈರ್ಯ ಬಂತು.

ನ್ಯಾಯಾಲಯದ ಪರೀಕ್ಷೆಯಲ್ಲಿ ನಿಮಿಷಕ್ಕೆ 120 ಪದದ ವೇಗದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಕ್ತಲೇಖನ ಕೊಡುತ್ತಾರೆ, ಬರೆದದ್ದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕೊಡಬೇಕು. ಶೀಘ್ರಲಿಪಿಗಾರ, ಬೆರಳಚ್ಚುಗಾರ, ಬೆರಳಚ್ಚು-ನಕಲುಗಾರ ಹುದ್ದೆಗಳನ್ನು ಜಿಲ್ಲಾ ನ್ಯಾಯಾಲಯಗಳು ಆಗಾಗ ಕರೆಯುತ್ತವೆ. ಪ್ರತಿ ಅಧಿಸೂಚನೆಯಲ್ಲೂ ವಿದ್ಯಾರ್ಹತೆಯ ಕಂಡಿಕೆ ಪೂರ್ತಿ ಓದಬೇಕು. ಕೆಲವದರಲ್ಲಿ ಡಿಪ್ಲೊಮಾ ಹೆಸರು ಹೇಳಿಯೇ ಇರುತ್ತೆ, ಕೆಲವದರಲ್ಲಿ ಬೆರಳಚ್ಚು, ಶೀಘ್ರಲಿಪಿಯ ಸೀನಿಯರ್ ಗ್ರೇಡ್ ಪರೀಕ್ಷೆಯ ಪ್ರಮಾಣಪತ್ರ ಬೇರೆ ಕೇಳುತ್ತಾರೆ. ಅದಕ್ಕೇ ಓದುವಾಗಲೇ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನೂ ಕಟ್ಟಿ ಮುಗಿಸಿಕೊಳ್ಳುವುದು ಒಳ್ಳೆಯದು.

ವೈಟ್‌ಫೀಲ್ಡ್_ಕನ್ನಡಿಗ

ಬೇರೆ ಅಭಿಪ್ರಾಯ ಹೇಳ್ತೀನಿ, ಬೇಜಾರಾಗಬೇಡಿ. ಮಾತಾಡಿದ್ದನ್ನು ಫೋನೇ ಬರೆದುಕೊಡುವ ಕಾಲದಲ್ಲಿ ಮೂರು ವರ್ಷ ಶೀಘ್ರಲಿಪಿ ಕಲಿಸುವುದು ಯಾಕೆ? ನಮ್ಮ ಕಂಪನಿಯಲ್ಲಿ ಸ್ಟೆನೋ ಅನ್ನುವ ಹುದ್ದೆಯೇ ಇಲ್ಲ. ಹದಿನಾರನೇ ವಯಸ್ಸಿಗೇ ಮಗುವನ್ನು ಒಂದು ಸಣ್ಣ ಓಣಿಗೆ ತಳ್ಳಬೇಡಿ. ಪಿಯುಸಿ ಕಾಮರ್ಸ್ ಮಾಡಿದರೆ ಸಿಎ, ಬಿಕಾಂ, ಬಿಬಿಎ, ಕಾನೂನು ಎಲ್ಲಾ ಬಾಗಿಲೂ ತೆರೆದಿರುತ್ತವೆ.

ಶೀಘ್ರಲಿಪಿ_ಹಾಸನ

ಸರ್, ಖಾಸಗಿ ಕಂಪನಿಗಳ ಮಟ್ಟಿಗೆ ನಿಮ್ಮ ಮಾತು ನಿಜ. ಶೀಘ್ರಲಿಪಿ ಇವತ್ತು ಉಳಿದಿರುವುದು ಮುಖ್ಯವಾಗಿ ನ್ಯಾಯಾಲಯ ಮತ್ತು ಸರ್ಕಾರಿ ಕಚೇರಿಗಳಲ್ಲಿ. ಆದರೆ ಅಲ್ಲಿ ನಮ್ಮ ಕೆಲಸ ಕೇಳಿದ್ದನ್ನು ಬರೆಯುವುದಕ್ಕೆ ಮುಗಿಯುವುದಿಲ್ಲ. ಸಾಕ್ಷಿ ತನ್ನೂರಿನ ಮಾತಿನಲ್ಲಿ ಹೇಳುತ್ತಾನೆ, ವಕೀಲರು ನಡುವೆ ತಡೆಯುತ್ತಾರೆ, ಸಾಹೇಬರು ಅದನ್ನು ವಾಕ್ಯ ಮಾಡಿ ಹೇಳುತ್ತಾರೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯ ಪ್ರಕರಣದಲ್ಲಿ ಕೊಲೆ ಅಂದರೆ ಕಲಂ 302, ಹೊಸದರಲ್ಲಿ 103. ಎರಡೂ ಬಗೆಯ ಕಡತಗಳು ಒಂದೇ ದಿನ ಮೇಜಿನ ಮೇಲಿರುತ್ತವೆ. ಯಾವ ಕಡತಕ್ಕೆ ಯಾವ ಕಲಂ ಅಂತ ನೋಡಿ, ಆದೇಶ ಸಹಿಗೆ ಹೋಗುವ ಮೊದಲು ತಿದ್ದುವವರು ನಾವು. ಯಂತ್ರ ಬರೆದುಕೊಟ್ಟರೂ ಈ ತಿದ್ದುವ ಕೆಲಸ ಯಾರಾದರೂ ಮಾಡಲೇಬೇಕು. ಅದನ್ನು ಮಾಡಲು ಭಾಷೆ ಗಟ್ಟಿ ಇರಬೇಕು.

ಖತಾವಣಿ_ದಾವಣಗೆರೆ

ನಾನೂ ಕಮರ್ಷಿಯಲ್ ಪ್ರಾಕ್ಟೀಸ್‌ನವನು, ಆದರೆ ಶೀಘ್ರಲಿಪಿ ಕಡೆ ಹೋಗಲಿಲ್ಲ. ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಲೆಕ್ಕ ನೋಡ್ತೀನಿ. ಹಾರ್ಡ್‌ವೇರ್ ಅಂಗಡಿ, ಬಟ್ಟೆ ಅಂಗಡಿ, ಒಂದೆರಡು ಅಕ್ಕಿ ಗಿರಣಿ, ಇವೇ ನಮ್ಮ ಪಾರ್ಟಿಗಳು. ಈ ದಾರಿ ಬಗ್ಗೆಯೂ ಗೊತ್ತಿರಲಿ ಅಂತ ಬರೀತಿದ್ದೀನಿ.

ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ 11ನೇ ತಾರೀಕಿಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ವಿವರ. 14ಕ್ಕೆ ಪೋರ್ಟಲಿನಲ್ಲಿ 2ಬಿ ಬರುತ್ತೆ, ನಮಗೆ ಮಾಲು ಕೊಟ್ಟವರು ತೋರಿಸಿರುವ ಬಿಲ್ಲುಗಳ ಪಟ್ಟಿ ಅದು. 20ಕ್ಕೆ 3ಬಿ, ಅಂದರೆ ತಿಂಗಳ ಒಟ್ಟು ಲೆಕ್ಕದ ರಿಟರ್ನ್ ಹಾಕಿ ತೆರಿಗೆ ಕಟ್ಟಬೇಕು. 14ರಿಂದ 20ರ ನಡುವಿನ ದಿನಗಳೇ ನಮ್ಮ ಪರೀಕ್ಷೆ. ಅಂಗಡಿಯವರು 1 ಲಕ್ಷದ ಮಾಲು ತಂದು 18% ಅಂತ 18,000 ತೆರಿಗೆ ಕೊಟ್ಟಿರುತ್ತಾರೆ. ಮಾರಿದವನು ಆ ಬಿಲ್ಲು ತೋರಿಸದೇ ಇದ್ದರೆ 2ಬಿಯಲ್ಲಿ ಬರುವುದಿಲ್ಲ, ಆ 18,000ವನ್ನು ಅಂಗಡಿಯವರು ಕಟ್ಟಬೇಕಾದ ತೆರಿಗೆಯಲ್ಲಿ ಈ ತಿಂಗಳು ಕಡಿತ ಮಾಡಿಕೊಳ್ಳಲು ಆಗುವುದಿಲ್ಲ. ಆಗ ಮಾರಿದವನಿಗೆ ಫೋನ್ ಮಾಡಬೇಕು, ಬಿಲ್ ನಂಬರ್ ಹೇಳಬೇಕು, ಜಗಳವಾಗದಂತೆ ಕೆಲಸ ಮಾಡಿಸಬೇಕು. ಆಡಳಿತ, ನಿರ್ವಹಣೆ ಅಂತ ಪುಸ್ತಕದಲ್ಲಿ ಓದಿದ್ದು ನನಗೆ ಅರ್ಥವಾಗಿದ್ದು ಈ ಫೋನುಗಳಲ್ಲಿ.

ಇನ್ನೊಂದು, ಬ್ಯಾಂಕ್ ತಾಳೆ ನೋಡುವುದು. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಶಿಲ್ಕು 84,300. ಬ್ಯಾಂಕಿನವರು 96,150 ಅಂತಾರೆ. ಹುಡುಕಿದರೆ ನಾವು ಕೊಟ್ಟ 12,500ರ ಚೆಕ್ಕನ್ನು ಪಾರ್ಟಿ ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಬ್ಯಾಂಕು 650 ಶುಲ್ಕ ಹಿಡಿದಿದೆ, ನಾವು ಬರೆದಿಲ್ಲ. 84,300ಕ್ಕೆ 12,500 ಸೇರಿಸಿ 650 ಕಳೆದರೆ 96,150, ತಾಳೆ ಆಯಿತು. ಇದರಲ್ಲಿ 650ಕ್ಕೆ ಮಾತ್ರ ನಾವು ನಮೂದು ಹಾಕಬೇಕು, ಚೆಕ್ಕಿಗೆ ಏನೂ ಹಾಕಬಾರದು. ಇಷ್ಟನ್ನು ಕೈಯಲ್ಲಿ, ಕಾಗದದ ಮೇಲೆ ಕಲಿತವರಿಗೆ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಸುಲಭ. ಎಫ್5 ಪಾವತಿ, ಎಫ್6 ಸ್ವೀಕೃತಿ, ಎಫ್8 ಮಾರಾಟ, ಎಫ್9 ಖರೀದಿ ಅಂತ ಕೀಲಿ ಮಾತ್ರ ಬಾಯಿಪಾಠ ಮಾಡಿದವರು, ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್) ಕೂಡಿ ಬಂದರೂ ಲೆಕ್ಕ ತಪ್ಪಿರಬಹುದು ಅನ್ನುವುದನ್ನೇ ಕಾಣುವುದಿಲ್ಲ. ಪಾಲಿಟೆಕ್ನಿಕ್‌ನಲ್ಲಿ ನಮಗೆ ರೋಜುಕೀರ್ದಿ (ದಿನದ ಲೆಕ್ಕ), ಖತಾವಣಿ (ಲೆಡ್ಜರ್), ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಎಲ್ಲಾ ಮೊದಲು ಗೆರೆ ಹಾಕಿದ ಹಾಳೆಯ ಮೇಲೆ ಬರೆಸಿದರು. ಆ ಋಣ ದೊಡ್ಡದು.

ಸಂಬಳ ಶುರುವಿನಲ್ಲಿ ಕಡಿಮೆ. ಇದನ್ನು ಮುಚ್ಚಿಟ್ಟು ಹೇಳಬಾರದು. ಡಿಗ್ರಿ ಸೇರಿದ ಮೇಲೆ ಬದಲಾಗುತ್ತೆ.

ತರೀಕೆರೆ_ಅಮ್ಮ

ಇಬ್ಬರಿಗೂ ತುಂಬಾ ಧನ್ಯವಾದ. ಮಗಳೂ ಪಕ್ಕದಲ್ಲಿ ಕೂತು ಓದಿದಳು. ಆ ಬ್ಯಾಂಕಿನ ಲೆಕ್ಕ ತಾನೇ ಮತ್ತೊಮ್ಮೆ ಹಾಳೆಯಲ್ಲಿ ಮಾಡಿ ನೋಡಿದಳು. ಆದರೆ ವೈಟ್‌ಫೀಲ್ಡ್ ಸರ್ ಹೇಳಿದ್ದೂ ತಲೆಯಲ್ಲಿದೆ. ಸಿಎ ಮಾಡಬೇಕು ಅಂತ ಮುಂದೆ ಅನ್ನಿಸಿದರೆ? ಡಿಗ್ರಿಗೆ ತೊಂದರೆ ಆದರೆ?

ಬೆಳಗಾವಿ_ಮೇಷ್ಟ್ರು

ನಾನು ಇಂಜಿನಿಯರಿಂಗ್ ಕಾಲೇಜೊಂದರ ಎಂಬಿಎ ವಿಭಾಗದಲ್ಲಿ ಪಾಠ ಮಾಡುತ್ತೇನೆ. ತಾಂತ್ರಿಕ ಕಾಲೇಜಿನಲ್ಲಿ ವ್ಯವಹಾರ ನಿರ್ವಹಣೆ ಓದುವ ಮೂರು ಹಂತವೂ ನಮ್ಮ ರಾಜ್ಯದಲ್ಲಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ, ಪಿಯುಸಿ ಆದ ಮೇಲೆ ಬಿಬಿಎ, ಪದವಿ ಆದ ಮೇಲೆ ಎಂಬಿಎ. 2024-25ರಿಂದ ಬಿಬಿಎ, ಬಿಸಿಎಗಳೂ ತಾಂತ್ರಿಕ ಶಿಕ್ಷಣಕ್ಕೆ ಅನುಮೋದನೆ ಕೊಡುವ ಕೇಂದ್ರದ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಹಾಗಾಗಿ ಬಿಬಿಎ ಸೇರಿಸುವುದಾದರೆ ಆ ಕಾಲೇಜಿಗೆ ಆ ವರ್ಷದ ಅನುಮೋದನೆ ಇದೆಯೇ ಎಂದು ಮೊದಲು ನೋಡಬೇಕು.

ಅಮ್ಮ, ನಿಮ್ಮ ಪ್ರಶ್ನೆಗೆ ನೇರ ಉತ್ತರ. ಸಿಎ ಮಾಡಲೇಬೇಕು ಎಂಬ ಗುರಿ ಈಗಲೇ ಇದ್ದರೆ ಪಿಯುಸಿ ಕಾಮರ್ಸ್ ಸರಿಯಾದ ದಾರಿ. ಸಿಎಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಹನ್ನೆರಡನೇ ತರಗತಿಯ ಮೇಲೆ ನಿಂತಿದೆ. ಬಿಕಾಂ ಪದವಿಯಲ್ಲಿ 55% ತೆಗೆದವರು ಫೌಂಡೇಶನ್ ಇಲ್ಲದೆ ನೇರ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು, ಆದ್ದರಿಂದ ಡಿಪ್ಲೊಮಾದ ನಂತರ ಬಿಕಾಂ ಮಾಡಿದವರಿಗೂ ಆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ತಡವಾಗಿ ತೆರೆಯುತ್ತದೆ. ಡಿಪ್ಲೊಮಾದವರನ್ನು ಬಿಕಾಂಗೆ, ಕೆಲವು ಕಡೆ ನೇರ ಎರಡನೇ ವರ್ಷಕ್ಕೆ, ತೆಗೆದುಕೊಳ್ಳುವುದು ಆಯಾ ವಿಶ್ವವಿದ್ಯಾಲಯದ ನಿಯಮ. ಬಾಯಿಮಾತು ನಂಬಬೇಡಿ. ಯಾವ ಕಾಲೇಜಿಗೆ ಮುಂದೆ ಸೇರಿಸುವ ಯೋಚನೆಯಿದೆಯೋ ಅಲ್ಲಿನ ಕಚೇರಿಯಲ್ಲಿ ಈ ವರ್ಷದ ಪ್ರವೇಶ ಸುತ್ತೋಲೆ ನೋಡಿ. ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಡಿಸಿಇಟಿ ದಾರಿ ಇಂಜಿನಿಯರಿಂಗ್ ಬ್ರಾಂಚಿನ ಡಿಪ್ಲೊಮಾದವರಿಗಾಗಿ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಂಬಿಎಗೆ ಯಾವ ಪದವಿಯಾದರೂ ಸಾಕು. ಸಾಮಾನ್ಯ ವರ್ಗಕ್ಕೆ 50%, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ 45% ಅಂಕ ಇರಬೇಕು. ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ತರಗತಿಯಲ್ಲಿ ಬಿಇ ಮುಗಿಸಿ ಬಂದವರೂ ಇರುತ್ತಾರೆ. ಅವರಿಗೆ ಆಪರೇಷನ್ಸ್ ರಿಸರ್ಚ್, ಅಂಕಿಸಂಖ್ಯಾಶಾಸ್ತ್ರ ಲೀಲಾಜಾಲ. ಆದರೆ ಮೊದಲ ಸೆಮಿಸ್ಟರಿನ ಲೆಕ್ಕಪತ್ರದ ಪಾಠದಲ್ಲಿ ಸವಕಳಿಯನ್ನು (ಯಂತ್ರ ಸವೆದು ಬೆಲೆ ಇಳಿಯುವುದನ್ನು) ಯಾಕೆ ಖರ್ಚು ಅನ್ನುತ್ತಾರೆ, ಹಣ ಕೈಬಿಟ್ಟು ಹೋಗಲಿಲ್ಲವಲ್ಲ ಎಂದು ಕೇಳುತ್ತಾರೆ. ಖತಾವಣಿ ಬರೆದು ಬಂದ ಹುಡುಗಿ ಆ ಪಾಠದ ದಿನ ಇಡೀ ಬೆಂಚಿಗೆ ಹೇಳಿಕೊಡುವುದನ್ನು ನಾನು ಕಂಡಿದ್ದೇನೆ.

ವೈಟ್‌ಫೀಲ್ಡ್_ಕನ್ನಡಿಗ

ಬಿಕಾಂ ಮೇಲೆ ನೇರ ಇಂಟರ್‌ಮೀಡಿಯೆಟ್ ವಿಷಯ ಗೊತ್ತಿರಲಿಲ್ಲ ಸರ್. ಆದರೂ ಒಂದು ಪ್ರಶ್ನೆ. ಪಿಯುಸಿ ಕೇಳುವ ಸರ್ಕಾರಿ ನೌಕರಿಗಳಿಗೆ ಡಿಪ್ಲೊಮಾದವರು ಅರ್ಜಿ ಹಾಕಬಹುದಾ?

ಬೆಳಗಾವಿ_ಮೇಷ್ಟ್ರು

ಹಲವು ಅಧಿಸೂಚನೆಗಳಲ್ಲಿ ಮೂರು ವರ್ಷದ ಡಿಪ್ಲೊಮಾವನ್ನು ಪಿಯುಸಿಗೆ ತತ್ಸಮಾನ ಎಂದು ಪಟ್ಟಿಯಲ್ಲೇ ಹೆಸರಿಸಿರುತ್ತಾರೆ. ಇಲ್ಲೂ ಅದೇ ಮಾತು, ಆ ಅಧಿಸೂಚನೆಯ ಕಂಡಿಕೆ ಓದಿಯೇ ಅರ್ಜಿ ಹಾಕಬೇಕು.

ಮಾಚೇನಹಳ್ಳಿ_ವರ್ಕ್‌ಶಾಪ್

ಶಿವಮೊಗ್ಗದಲ್ಲಿ ಸಣ್ಣ ಮಷಿನ್ ಶಾಪ್ ನಡೆಸ್ತೀನಿ. ಫೌಂಡ್ರಿಯಿಂದ ಎರಕ ಬರುತ್ತೆ, ನಾವು ಟರ್ನಿಂಗ್, ಡ್ರಿಲ್ಲಿಂಗ್ ಮಾಡಿ ಕೊಡ್ತೀವಿ. ಕೆಲಸಕ್ಕೆ ತಗೊಳ್ಳೋನ ಕಡೆಯಿಂದ ನಾಲ್ಕು ಮಾತು.

ನನ್ನ ಆಫೀಸಿಗೆ ಬಿಬಿಎ ಮಾಡಿದವರು ಬರ್ತಾರೆ. ಮಾರ್ಕೆಟಿಂಗ್ ಬಗ್ಗೆ ಚೆನ್ನಾಗಿ ಮಾತಾಡ್ತಾರೆ. ಒಂದು ಕೊಟೇಶನ್ ಮಾಡಿ ಅಂದರೆ ಪೀಸಿಗೆ ಎಷ್ಟು ನಿಮಿಷ ಅಂತ ಮಾತ್ರ ಕೇಳ್ತಾರೆ. ಮಷಿನ್ ಸೆಟ್ಟಿಂಗಿಗೆ ಹೋಗುವ ಸಮಯ ಕೇಳೋದಿಲ್ಲ. ಒಂದು ಲೆಕ್ಕ ಹೇಳ್ತೀನಿ. ಮಷಿನ್ನಿನ ತಾಸಿನ ಖರ್ಚು 400 ಅಂತ ಇಟ್ಕೊಳ್ಳಿ. ಅದರಲ್ಲಿ ಸವಕಳಿ, ಕರೆಂಟು, ಆಪರೇಟರ್ ಕೂಲಿ, ಸಾಲದ ಬಡ್ಡಿ ಎಲ್ಲಾ ಬಂತು. ಸೆಟ್ಟಿಂಗಿಗೆ ಎರಡು ತಾಸು ಬೇಕು, ಅಂದರೆ 800. ಆರ್ಡರ್ 200 ಪೀಸು ಇದ್ದರೆ ಪೀಸಿಗೆ 4 ರೂಪಾಯಿ ಬೀಳುತ್ತೆ. 20 ಪೀಸು ಇದ್ದರೆ 40 ರೂಪಾಯಿ. ಎರಡಕ್ಕೂ ಒಂದೇ ರೇಟು ಬರೆದರೆ ಸಣ್ಣ ಆರ್ಡರಿನಲ್ಲಿ ಕೈಯಿಂದ ದುಡ್ಡು ಹೋಗುತ್ತೆ. ಪಾಲಿಟೆಕ್ನಿಕ್‌ನಲ್ಲಿ ಓದುವ ಹುಡುಗಿಗೆ ಒಂದು ಅನುಕೂಲ ಇದೆ, ಅವಳ ಕ್ಲಾಸಿನ ಪಕ್ಕದ ಕಟ್ಟಡದಲ್ಲೇ ಲೇತ್ ಇರುತ್ತೆ. ಮೆಕ್ಯಾನಿಕಲ್ ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಕೊಂಡು ಅರ್ಧ ದಿನ ನಿಂತು ನೋಡಲಿ. ಸೆಟ್ಟಿಂಗ್ ಅಂದರೆ ಏನು ಅಂತ ಕಣ್ಣಾರೆ ಕಂಡವಳು ಮುಂದೆ ಯಾವ ಕಾರ್ಖಾನೆಯ ಆಫೀಸಿನಲ್ಲಿ ಕೂತರೂ ಲೆಕ್ಕ ಸರಿ ಹಾಕ್ತಾಳೆ. ಕಾಮರ್ಸ್ ಕಾಲೇಜಿನಲ್ಲಿ ಈ ಅವಕಾಶ ಎಲ್ಲಿದೆ? ದುಃಖ ಏನಂದರೆ, ಒಂದೇ ಕಾಂಪೌಂಡಿನೊಳಗೆ ಮೂರು ವರ್ಷ ಇದ್ದೂ ಆ ಕಟ್ಟಡದೊಳಗೆ ಕಾಲಿಡದೇ ಹೋಗುವವರೇ ಜಾಸ್ತಿ.

ಇನ್ನೊಂದು ಬಾಕಿ ವಸೂಲಿ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥವರಿಗೆ ದೊಡ್ಡ ಕಂಪನಿಗಳು ಕರಾರು ಇದ್ದರೂ 45 ದಿನದ ಒಳಗೆ, ಲಿಖಿತ ಕರಾರು ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು. ಆದಾಯ ತೆರಿಗೆಯಲ್ಲೂ ಈಗ ನಿಯಮ ಬಂದಿದೆ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಅವಧಿ ಮೀರಿಸಿ ಬಾಕಿ ಉಳಿಸಿದರೆ ಕೊಡುವ ತನಕ ಆ ಮೊತ್ತವನ್ನು ಖರ್ಚು ಅಂತ ತೋರಿಸೋಕೆ ಆಗಲ್ಲ. ಆದರೆ ಆ ಕಾಯ್ದೆ ಹೆಸರು ಹೇಳಿ ಮರ್ಯಾದೆಯಿಂದ ಒಂದು ಪತ್ರ ಬರೆಯೋಕೆ ಬರುವವರು ಬೇಕಲ್ಲ? ಬಿಲ್ ನಂಬರು, ಮಾಲು ತಲುಪಿದ ತಾರೀಕು, ಉದ್ಯಮ್ ನೋಂದಣಿ ಸಂಖ್ಯೆ, ಬಾಕಿ ಮೊತ್ತ ಒಂದೇ ಪುಟದಲ್ಲಿ, ಗಿರಾಕಿ ಕೈ ತಪ್ಪದಂತೆ. ನನ್ನ ಹತ್ತಿರ ಇರುವ ಡಿಪ್ಲೊಮಾ ಓದಿದ ಹುಡುಗಿ ಇಂಥ ಪತ್ರ ಬರೆದೇ ಹಳೇ ಬಾಕಿ ತರಿಸಿಕೊಟ್ಟಿದ್ದಾಳೆ. ಅವಳು ರಜೆ ಹಾಕಿದ ದಿನ ನನಗೆ ಕೈಕಾಲು ಆಡಲ್ಲ.

ತರೀಕೆರೆ_ಅಮ್ಮ

ಅಣ್ಣ, ನಿಮ್ಮ ಮಾತು ಓದಿ ಮನೆಯವರೂ ಸ್ವಲ್ಪ ಮೆತ್ತಗಾದರು. ಒಂದೇ ಭಯ ಉಳಿದಿರೋದು ಇಂಗ್ಲಿಷ್. ಕನ್ನಡ ಮೀಡಿಯಂ ಮಗು, ಕಾಲೇಜಿನಲ್ಲಿ ಎಲ್ಲಾ ಇಂಗ್ಲಿಷಿನಲ್ಲೇ ಇರುತ್ತಾ?

ಗೋಕುಲ್‌ರೋಡ್_ಹುಬ್ಬಳ್ಳಿ

ಅಕ್ಕಾರ, ನಾನೂ ಕನ್ನಡ ಮೀಡಿಯಮ್ಮೇ ರೀ. ಮೊದಲನೇ ಸೆಮಿಸ್ಟರ್‌ನ್ಯಾಗ ಭಾಳ ತ್ರಾಸ ಆತು. ಡೆಬಿಟ್, ಕ್ರೆಡಿಟ್ ಅಂದ್ರ ತಲಿ ಗಿಂವ್ ಅಂತಿತ್ತು. ಆದ್ರ ಈ ಕೋರ್ಸಿನ್ಯಾಗ ಇಂಗ್ಲಿಷು ಕೈಯಿಂದ ಬರ್ತೈತಿ ನೋಡ್ರಿ. ದಿನಾ ಟೈಪ್ ಮಾಡ್ತೀವಿ, ದಿನಾ ಪತ್ರ ನಕಲು ಮಾಡ್ತೀವಿ, ಒಂದು ಕಾಗುಣಿತ ತಪ್ಪಿದ್ರ ಇಡೀ ಹಾಳಿ ಮತ್ತ ಹೊಡೀಬೇಕು. ಮೂರನೇ ಸೆಮಿಸ್ಟರ್ ಬರೋದ್ರಾಗ ಕೊಟೇಶನ್ ಕೇಳೋ ಪತ್ರ, ಆರ್ಡರ್ ಪತ್ರ, ತಕರಾರು ಪತ್ರ ನೋಡದ ಬರೀತಿದ್ದೆ. ಮಾತಾಡೋದು ತಡಾ ಆತು, ಬರಿಯೋದು ಲಗೂ ಬಂತು.

ಕೆಲವು ಪಾಲಿಟೆಕ್ನಿಕ್‌ನ್ಯಾಗ ಕಮರ್ಷಿಯಲ್ ಪ್ರಾಕ್ಟೀಸ್ ಕನ್ನಡ, ಇಂಗ್ಲಿಷ್ ಅಂತ ಎರಡು ವಿಭಾಗ ಇದ್ವು. ನಿಮ್ಮ ಕಡೆ ಯಾವುದೈತಿ ಕೇಳ್ರಿ. ಕೇಳಾಕ ಹೋದಾಗ ಬರೇ ಆಫೀಸಿನ್ಯಾಗ ನಿಂತು ಬರಬ್ಯಾಡ್ರಿ. ಟೈಪಿಂಗ್ ಲ್ಯಾಬಿನ ಬಾಗಿಲ ತೆಗಿಸಿ ನೋಡ್ರಿ, ಕಂಪ್ಯೂಟರ್ ಮ್ಯಾಲೆ ಧೂಳ ಕುಂತೈತೋ ಇಲ್ಲೋ. ಶೀಘ್ರಲಿಪಿ ಕಲಿಸೋ ಮೇಡಂ ಕಾಯಂ ಅದಾರೋ, ಅತಿಥಿ ಉಪನ್ಯಾಸಕರೋ, ಈ ವರ್ಷ ಹುದ್ದೆ ಖಾಲಿ ಐತೋ ಕೇಳ್ರಿ. ನಾ ಓದೋ ಮುಂದ ಒಂದು ಸೆಮಿಸ್ಟರ್ ಪೂರ್ತಿ ಕಲಿಸೋರ ಇರಲಿಲ್ಲ, ನಾವ ಹುಡುಗ್ಯಾರು ಕೂಡಿ ಹಳೇ ಕ್ಯಾಸೆಟ್ ಹಚ್ಚಿ ಉಕ್ತಲೇಖನ ಬರಕೊಂಡ್ವಿ. ಹಾಸ್ಟೆಲ್‌ನಿಂದ ಕಾಲೇಜಿಗೆ ಬಸ್ ಹೆಂಗ ಅನ್ನೋದನ್ನೂ ನೋಡ್ರಿ. ಕೊನೀ ವರ್ಷದ ಇಂಟರ್ನ್‌ಶಿಪ್ ಎಲ್ಲಿ ಮಾಡ್ಯಾರ ಅಂತ ಹಿಂದಿನ ಬ್ಯಾಚಿನ ಹುಡುಗ್ಯಾರನ್ನ ಕೇಳ್ರಿ, ಅವರು ಖರೇ ಹೇಳ್ತಾರ.

ಖತಾವಣಿ_ದಾವಣಗೆರೆ

ಹುಬ್ಬಳ್ಳಿ ಅಕ್ಕ ಹೇಳಿದ ಇಂಟರ್ನ್‌ಶಿಪ್ ಮಾತಿಗೆ ಸೇರಿಸ್ತೀನಿ. ಬೆಂಗಳೂರಿನ ದೊಡ್ಡ ಹೆಸರಿನ ಕಡೆಗೆ ಹೋಗಿ ಪ್ರಮಾಣಪತ್ರ ಮಾತ್ರ ತರುವ ಬದಲು ನಿಮ್ಮ ಕಡೆಯ ಅಡಿಕೆ ಮಂಡಿಯಲ್ಲಿ ಕೂರಲಿ. ರೈತನ ಚೀಲ ಬಂದ ಕೂಡಲೇ ತೂಕ, ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ದರ್ಜೆ, ಟೆಂಡರ್ ದರ, ಹಮಾಲಿ, ಮುಂಗಡ ಕೊಟ್ಟಿದ್ದರೆ ಅದರ ಕಡಿತ, ಕೊನೆಗೆ ರೈತನ ಕೈಗೆ ಪಟ್ಟಿ. ಒಂದೇ ಪಟ್ಟಿಯಲ್ಲಿ ದಾಸ್ತಾನು, ಸಾಲ, ತೆರಿಗೆ, ಗಿರಾಕಿ ಸಂಬಂಧ ನಾಲ್ಕೂ ಇವೆ. ಅಡಿಕೆ ಬೆಳೆಯುವ ಮನೆಯವರಾದರೆ ಅವಳಿಗೆ ಅರ್ಧ ಗೊತ್ತೇ ಇರುತ್ತೆ.

ವೈಟ್‌ಫೀಲ್ಡ್_ಕನ್ನಡಿಗ

ಇಷ್ಟು ವಿವರ ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಆದರೆ ಡಿಪ್ಲೊಮಾ ಮುಗಿಸಿ ಅಲ್ಲಿಗೇ ನಿಲ್ಲಿಸಬೇಡಿ ಅಮ್ಮ, ಬಿಕಾಂ ಮಾಡಿಸಿಯೇ ಮಾಡಿಸಿ. ಕೆಲಸ ಮಾಡುತ್ತಾ ಮುಕ್ತ ವಿಶ್ವವಿದ್ಯಾಲಯದಲ್ಲಾದರೂ ಸರಿ.

ತರೀಕೆರೆ_ಅಮ್ಮ

ಹಾಗೇ ಆಗಲಿ ಸರ್, ಬಿಕಾಂ ಮಾಡಿಸ್ತೀವಿ. ಸೋಮವಾರ ಕಾಲೇಜಿಗೆ ಹೋಗ್ತಿದ್ದೀವಿ, ಅವಳಪ್ಪನೂ ಬರ್ತಾರೆ. ಲ್ಯಾಬ್, ಶೀಘ್ರಲಿಪಿ ತಾಸು, ಇಂಟರ್ನ್‌ಶಿಪ್, ಹಾಸ್ಟೆಲ್ ಎಲ್ಲಾ ಬರೆದಿಟ್ಟುಕೊಂಡಿದ್ದೀನಿ. ಕಾಲೇಜು ಶುರುವಾಗೋ ತನಕ ಸುಮ್ಮನೆ ಕೂರೋ ಬದಲು ಊರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಳಿಸಲಾ ಅಂತ ಕೇಳ್ತಿದ್ದಾಳೆ. ಕನ್ನಡ ಮೊದಲಾ, ಇಂಗ್ಲಿಷ್ ಮೊದಲಾ?

ಶೀಘ್ರಲಿಪಿ_ಹಾಸನ

ಇಂಗ್ಲಿಷ್ ಮೊದಲು ಮಾಡಲಿ ಅಕ್ಕ. ಎ, ಎಸ್, ಡಿ, ಎಫ್ ಸಾಲಿನಲ್ಲಿ ಬೆರಳು ಕೂತ ಮೇಲೆ ಕನ್ನಡಕ್ಕೆ ಹೋದರೆ ಸಲೀಸು. ಕನ್ನಡಕ್ಕೆ ಸರ್ಕಾರಿ ಕಚೇರಿಗಳಲ್ಲಿ ಬಳಸುವ ನುಡಿ ಕೀಲಿಮಣೆಯನ್ನೇ ಕಲಿಯಲಿ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಅಭ್ಯಾಸವನ್ನು ಇಲ್ಲಿಗೆ ತರುವುದು ಬೇಡ. ಕೀಲಿಮಣೆ ನೋಡದೆ ಹೊಡೆಯುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ, ಬೇಕಾದರೆ ಕೈ ಮೇಲೆ ಒಂದು ಟವೆಲ್ ಹೊದಿಸಿ. ವೇಗ ಕಡಿಮೆಯಾದರೂ ಪರವಾಗಿಲ್ಲ, ತಪ್ಪಿಲ್ಲದೆ ಬರಲಿ. ಬೆನ್ನು ನೇರ ಇರುವಂಥ ಕುರ್ಚಿ ಇದೆಯಾ ಅಂತಲೂ ನೋಡಿ.